ಕಾಲು ಕಟ್ಟಿಹಾಕುವ ಜ್ವರ: ಚಿಕುನ್‌ಗುನ್ಯಾ



ಸಂಸಾರದ ಯೋಗಕ್ಷೇಮವು ದುಡಿಯುವ ಕೈಕಾಲುಗಳನ್ನು ಅವಲಂಬಿಸಿದೆ. ನಾಟಿಯ ಕಾಲದಲ್ಲಿ ಗಂಡನು ಹಾಸಿಗೆ ಹಿಡಿದರೆ ಗದ್ದೆಯ ಕೆಲಸ ನಿಲ್ಲುವುದು. ಹೆಂಡತಿಯು ಹಾಸಿಗೆ ಹಿಡಿದರೆ ಗದ್ದೆಯ ಕೆಲಸದೊಂದಿಗೆ ಮನೆಯ ಒಲೆಯೂ ನಿಲ್ಲುವುದು. ಇಬ್ಬರನ್ನೂ ಒಂದೇ ವಾರದಲ್ಲಿ ಮಲಗಿಸಬಲ್ಲ ಕಾಯಿಲೆಯೊಂದಿದೆ. ಅದೇ ಚಿಕುನ್‌ಗುನ್ಯಾ. ಇದು ಪ್ರಾಣ ತೆಗೆಯುವುದು ಅಪರೂಪ. ಆದರೆ ಕಾಲಿನ ಶಕ್ತಿಯನ್ನು ತಿಂಗಳುಗಟ್ಟಲೆ ಕಸಿದುಕೊಳ್ಳುವುದು ಸಾಮಾನ್ಯ.

ರೋಗದ ಹಿನ್ನೆಲೆ

ಈ ರೋಗವನ್ನು ಮೊದಲು ಗುರುತಿಸಿದುದು 1952ರಲ್ಲಿ, ಆಫ್ರಿಕದ ಇಂದಿನ ಟಾಂಜಾನಿಯ ದೇಶದಲ್ಲಿ. ಅಲ್ಲಿಯ ಮಕೊಂಡೆ ಭಾಷೆಯಲ್ಲಿ ಈ ಹೆಸರಿಗೆ ಬಗ್ಗಿಹೋಗುವುದು, ಮುರುಟಿಕೊಳ್ಳುವುದು ಎಂಬ ಅರ್ಥವಿದೆ. ಕೀಲುನೋವಿನಿಂದ ನೆಟ್ಟಗೆ ನಿಲ್ಲಲಾರದ ರೋಗಿಯನ್ನು ಕಂಡು ಇಟ್ಟ ಹೆಸರಿದು. ಹೆಸರಿನಲ್ಲಿ ‘ಚಿಕನ್’ ಎಂಬ ಧ್ವನಿ ಕೇಳಿ ಕೋಳಿಮಾಂಸದಿಂದ ಬರುವುದೆಂದು ಹಲವರು ಹೆದರಿದ್ದುಂಟು. ಕೋಳಿಗೂ ಈ ಜ್ವರಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ದೇಶದಲ್ಲಿ ಇದು 1963ರಲ್ಲಿ ಕಲ್ಕತ್ತೆಯಲ್ಲಿಯೂ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಸಿಯಲ್ಲಿಯೂ ಕಾಣಿಸಿಕೊಂಡಿತು. ಅನಂತರ ಮೂರು ದಶಕ ಅಡಗಿದ್ದು, 2005ರ ಕೊನೆಗೆ ಮರಳಿ ಬಂದಿತು. 2006ರಲ್ಲಿ ದೇಶದಾದ್ಯಂತ ಸುಮಾರು 13.9 ಲಕ್ಷ ಶಂಕಿತ ರೋಗಿಗಳು ದಾಖಲಾದರು, ಅವರಲ್ಲಿ 7.5 ಲಕ್ಷಕ್ಕೂ ಹೆಚ್ಚು ಮಂದಿ ನಮ್ಮ ಕರ್ನಾಟಕದವರೇ ಆಗಿದ್ದರು. ಅಂದಿನಿಂದ ರೋಗವು ನಮ್ಮ ನಾಡನ್ನು ಪೂರ್ಣವಾಗಿ ಬಿಟ್ಟುಹೋಗಿಲ್ಲ.

ರೋಗ ಹರಡುವ ಬಗೆ

ಇದಕ್ಕೆ ಕಾರಣ ಒಂದು ವೈರಾಣು; ಅದನ್ನು ಒಬ್ಬರಿಂದೊಬ್ಬರಿಗೆ ಸಾಗಿಸುವುದು ಈಡಿಸ್ ಸೊಳ್ಳೆ. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿರುವ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರೋಗಿಯನ್ನು ಮುಟ್ಟುವುದರಿಂದಾಗಲಿ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಈ ರೋಗ ಬಾರದು.

ಒಂದು ಉದಾಹರಣೆ ನೋಡೋಣ. ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಒಬ್ಬರು ಕಿರಾಣಿ ಸಾಮಾನಿಗಾಗಿ ಬೆಳಗಾವಿಯ ರವಿವಾರ ಪೇಟೆಗೆ ಹೋಗುವರು. ಹಗಲೆಲ್ಲ ಅಂಗಡಿ ಗೋದಾಮುಗಳ ನಡುವೆ ಓಡಾಡುವಾಗ ವೈರಾಣುವುಳ್ಳ ಸೊಳ್ಳೆ ಕಚ್ಚಿತೆನ್ನಿ. ಅವರು ಚೀಲಗಳೊಂದಿಗೆ ಬಸ್ಸು ಹತ್ತಿ ಊರಿಗೆ ಮರಳುವರು. ಎರಡರಿಂದ ಏಳು ದಿನಗಳೊಳಗೆ ಸಾಮಾನ್ಯವಾಗಿ ಜ್ವರ ಬರುವುದು. ಆಗ ಅವರ ಮನೆಯ ಸೊಳ್ಳೆಗಳು ಅವರನ್ನು ಕಚ್ಚಿ, ಕೆಲವು ದಿನಗಳ ಮೇಲೆ ಮನೆಯವರನ್ನೂ ನೆರೆಯವರನ್ನೂ ಕಚ್ಚುವುವು. ಪೇಟೆಯಿಂದ ವೈರಾಣುವನ್ನು ತಂದುದು ಮನುಷ್ಯನ ರಕ್ತ; ಊರಿನಲ್ಲಿ ಹಂಚುವುದು ಊರಿನ ಸೊಳ್ಳೆ. ಆದುದರಿಂದ ಜ್ವರದ ಮೊದಲ ಒಂದು ವಾರ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸತಕ್ಕದ್ದು. ಮನೆಯ ಉಳಿದವರಿಗೆ ಅದೇ ದೊಡ್ಡ ರಕ್ಷೆ.

ಕಾಲು ಮತ್ತು ಚರ್ಮದ ತೊಂದರೆಗಳು

ಜ್ವರವು ಒಮ್ಮೆಲೇ ಏರುವುದು. ಹರಡು, ಮೊಣಕಾಲು, ಮಣಿಕಟ್ಟು, ಬೆರಳುಗಳ ಗಿಣ್ಣುಗಳು ನೋಯುವುವು, ಬಾಯುವುವು. ಜ್ವರವು ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುವುದು. ಕೀಲುನೋವು ಮಾತ್ರ ಕೆಲವರಲ್ಲಿ ತಿಂಗಳುಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಉಳಿಯುವುದು. ಬೆಳಗ್ಗೆ ಎದ್ದೊಡನೆ ಪಾದ ಊರಲಾಗದ ಬಿಗಿತ ಅದರ ಗುರುತು. ವಯಸ್ಸಾದವರಿಗೂ ಮೊದಲೇ ಕೀಲುಬೇನೆ ಇದ್ದವರಿಗೂ ಇದು ಹೆಚ್ಚು ಕಾಡುವುದು. ಕೆಲವರಲ್ಲಿ ಕಾಲುಗಳಲ್ಲಿ ನೀರು ತುಂಬಿದಂತೆ ಬಾವು ನಿಲ್ಲುವುದು. ಅಂತಹ ಕಾಲನ್ನು ದಿನವೂ ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಸಂದು ಬಿರಿದಲ್ಲಿ ಬೇರೆ ರೋಗಾಣುಗಳು ಹೊಕ್ಕು ಕೀವು ತರಬಲ್ಲವು.

ಜ್ವರ ಬಂದ ಎರಡರಿಂದ ಐದು ದಿನಗಳಲ್ಲಿ ಎದೆ, ಬೆನ್ನು, ಕೈಕಾಲುಗಳ ಮೇಲೆ ಕೆಂಪು ಗಂದೆಗಳು ಏಳಬಹುದು. ಅನಂತರ ಮೂಗು ಮತ್ತು ಕೆನ್ನೆಯ ಮೇಲೆ ಕಪ್ಪು ಛಾಯೆ ಮೂಡಬಹುದು. ಇದು ಕಾಲಕ್ರಮದಲ್ಲಿ ಮಾಸುವುದು, ಗಾಬರಿ ಬೇಡ.

ಇಲ್ಲಿ ದಂಪತಿಗಳು ತಿಳಿಯಲೇಬೇಕಾದ ಮಾತೊಂದಿದೆ. ಕೆಲವರಲ್ಲಿ ಬಾಯಿಯಲ್ಲಿಯೂ ಗುಪ್ತಾಂಗದ ಬಳಿಯೂ ನೋವಿನ ಹುಣ್ಣುಗಳಾಗುವುವು. ಇದನ್ನು ಕಂಡು ಗಂಡಹೆಂಡಿರು ಒಬ್ಬರ ನಡತೆಯನ್ನೊಬ್ಬರು ಸಂಶಯಿಸಿ ಸಂಸಾರ ಕೆಡಿಸಿಕೊಳ್ಳಬಾರದು. ಹುಣ್ಣಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿರಿ. ಇಬ್ಬರೂ ಜೊತೆಯಲ್ಲಿ ಬಂದರೆ ಇನ್ನೂ ಒಳಿತು.

ಗರ್ಭಿಣಿ ಮತ್ತು ಕೂಸು

ತಿಂಗಳು ತುಂಬಿದ ಗರ್ಭಿಣಿಗೆ ಹೆರಿಗೆಯ ದಿನಗಳಲ್ಲಿಯೇ ಈ ಜ್ವರ ಬಂದರೆ ವೈರಾಣುವು ಕೂಸಿಗೂ ತಗಲಬಹುದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005–06ರ ಪಿಡುಗಿನಲ್ಲಿ, ಹೆರಿಗೆಯ ವೇಳೆಗೆ ರಕ್ತದಲ್ಲಿ ವೈರಾಣುವಿದ್ದ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ರೋಗ ತಗಲಿತ್ತು. ಶಸ್ತ್ರಕ್ರಿಯೆಯ ಹೆರಿಗೆಯೂ ಅದನ್ನು ತಡೆಯಲಿಲ್ಲ. ಅಂತಹ ಕೂಸು ಹುಟ್ಟುವಾಗ ಚೆನ್ನಾಗಿಯೇ ಕಾಣುವುದು. ಮೂರರಿಂದ ಏಳು ದಿನಗಳಲ್ಲಿ ಜ್ವರ, ಹಾಲು ಕುಡಿಯದಿರುವಿಕೆ, ಕೈಕಾಲು ಬಾವು, ಮೈಮೇಲೆ ನೀರ್ಗುಳ್ಳೆ, ಒಮ್ಮೊಮ್ಮೆ ಫಿಟ್ಸ್ ಕಾಣಿಸಿಕೊಳ್ಳುವುವು. ಮಿದುಳಿಗೂ ಅಪಾಯವಾಗಬಹುದು.

ಆದುದರಿಂದ ತುಂಬು ಗರ್ಭಿಣಿಗೆ ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಕರೆತನ್ನಿರಿ. ಹೆರಿಗೆಯೂ ಆಸ್ಪತ್ರೆಯಲ್ಲಿಯೇ ಆಗಲಿ. ಮೊದಲ ವಾರ ಕೂಸಿನ ಮೇಲೆ ಕಣ್ಣಿಡಿರಿ. ಎದೆಹಾಲು ನಿಲ್ಲಿಸಬೇಡಿರಿ. ಹಾಲಿನಿಂದ ಈ ರೋಗ ಬರುವುದೆಂಬುದಕ್ಕೆ ಆಧಾರವಿಲ್ಲ.

ಚಿಕಿತ್ಸೆ

ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ; ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದಕ್ಕೆ ಲಸಿಕೆಯೂ ಇಲ್ಲ. ವಿಶ್ರಾಂತಿ, ಧಾರಾಳವಾಗಿ ನೀರು, ಗಂಜಿ, ಮಜ್ಜಿಗೆ ಮತ್ತು ಪ್ಯಾರಸಿಟಮಾಲ್ ಮಾತ್ರೆ, ಇವೇ ಚಿಕಿತ್ಸೆ. ದೊಡ್ಡವರು 500 ಮಿಲಿಗ್ರಾಂ ಮಾತ್ರೆಯೊಂದನ್ನು ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ ತೆಗೆದುಕೊಳ್ಳಬಹುದು. ಯಕೃತ್ತಿನ ಕಾಯಿಲೆ ಇದ್ದವರೂ ಮದ್ಯಪಾನಿಗಳೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕ ನೋಡಿ ಕೊಡಿಸಿರಿ.

ಇದೇ ಸೊಳ್ಳೆ ಡೆಂಗ್ಯೂ ಜ್ವರವನ್ನೂ ಹರಡುವುದು. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳನ್ನು ನುಂಗಿದರೆ ರಕ್ತಸ್ರಾವದ ಅಪಾಯವುಂಟು. ವಸಡಿನಲ್ಲಿ ರಕ್ತ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದಿರಿ.

ನೋವು ಬೇಗ ಇಳಿಯಲೆಂದು ಸಿಕ್ಕಸಿಕ್ಕಲ್ಲಿ ಸ್ಟಿರಾಯಿಡ್ ಚುಚ್ಚುಮದ್ದು ಹಾಕಿಸಿಕೊಳ್ಳುವುದೂ ಕೀಲಿಗೆ ಬರೆ ಎಳೆಸುವುದೂ ಹಾನಿಕರ. ಜ್ವರ ಇಳಿದ ಮೇಲೆ ಕೀಲುಗಳನ್ನು ಮೆಲ್ಲನೆ ಆಡಿಸಿರಿ. ಮಲಗುವಾಗ ಬಾತ ಕಾಲನ್ನು ದಿಂಬಿನ ಮೇಲಿಡಿರಿ. ನೋವು ಮೂರು ತಿಂಗಳು ದಾಟಿದರೆ ಬೇರೆ ವಾತರೋಗವಿದೆಯೇ ಎಂದು ಪರೀಕ್ಷಿಸಬೇಕಾಗುವುದು.

ತಡೆಯುವ ಕೆಲಸ ಮನೆಯಲ್ಲಿದೆ

ಕಣಕುಂಬಿ, ಜಾಂಬೋಟಿಗಳ ಕಡೆ ಮಳೆ ವಿಪರೀತ. ಹಿತ್ತಲಿನ ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರು, ತಾಡಪತ್ರಿಯ ಮಡಿಕೆ, ಇವುಗಳಲ್ಲಿ ನಿಂತ ಅಂಗೈಯಗಲದ ತಿಳಿನೀರು ಸಾಕು, ಈಡಿಸ್ ಮೊಟ್ಟೆಯಿಡುವುದು. ಮಳೆಯಿಲ್ಲದಾಗ ಮನೆಯೊಳಗೆ ತುಂಬಿಟ್ಟ ಹಂಡೆ, ಹರವಿ, ತೊಟ್ಟಿಗಳೇ ಅದರ ತವರು. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ. ಆದರೆ ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವುವು. ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಿ, ಬಟ್ಟೆ ಕಟ್ಟಿ ಮುಚ್ಚಿರಿ.

ವಾರದಲ್ಲಿ ಒಂದು ದಿನವನ್ನು ಒಣ ದಿನವೆಂದು ಗೊತ್ತುಮಾಡಿಕೊಳ್ಳಿರಿ. ಇದು ಹೆಂಗಸರ ಪಾಲಿನ ಕೆಲಸವೆಂದು ಗಂಡಸರು ಸರಿದು ನಿಲ್ಲಬಾರದು. ತುಂಬಿದ ಹಂಡೆ ಬಗ್ಗಿಸಲು ಎರಡು ಜೊತೆ ಕೈ ಬೇಕು. ಒಂದೇ ಮನೆ ತೊಳೆದರೆ ನೆರೆಮನೆಯ ಸೊಳ್ಳೆ ಬರುವುದು; ಆದುದರಿಂದ ಓಣಿಯವರೆಲ್ಲ ಒಂದೇ ದಿನ ಮಾಡುವುದು ಲೇಸು. ಆಶಾ ಕಾರ್ಯಕರ್ತೆಯು ತೊಟ್ಟಿ ನೋಡಲು ಬಂದಾಗ ಬಾಗಿಲು ತೆರೆಯಿರಿ.

ಇಬ್ಬರೂ ಕೂಡಿ ಉತ್ತರಿಸಿರಿ

1. ರೋಗಿಯನ್ನು ಹಗಲಿನಲ್ಲಿ ಸೊಳ್ಳೆಪರದೆಯೊಳಗೆ ಮಲಗಿಸುವುದು ಏಕೆ?
2. ಜ್ವರ ಬಂದೊಡನೆ ಯಾವ ಮಾತ್ರೆ ಬೇಡ? ಏಕೆ?
3. ಪಾತ್ರೆಯ ನೀರು ಚೆಲ್ಲಿದ ಮೇಲೆಯೂ ತಿಕ್ಕಿ ತೊಳೆಯುವುದು ಏಕೆ?
4. ನಿಮ್ಮ ಮನೆಯಲ್ಲಿ ಇಂದು ಮುಚ್ಚಳವಿಲ್ಲದ ನೀರಿನ ಪಾತ್ರೆಗಳು ಎಷ್ಟು? ಎಣಿಸಿ ಬಂದು ಹೇಳಿರಿ.