ಬ್ರಿಟಿಷ್ ಮಕ್ಕಳ ಹಾಸ್ಯ ಚಿತ್ರಪತ್ರಿಕೆಗಳ ಸ್ಥಿರಪಾತ್ರಗಳು: ಸ್ವರೂಪ ಮತ್ತು ಸಾಮಾಜಿಕತೆ

೧

ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪದ್ಯ, ಕಥೆ, ನಾಟಕಗಳ ಎಲ್ಲೆಯೊಳಗೇ ನಿಲ್ಲುತ್ತದೆ. ಮಕ್ಕಳು ತಾವಾಗಿಯೇ ಆರಿಸಿಕೊಂಡು, ತಮ್ಮ ಕೈಕಾಸಿನಿಂದ ಕೊಂಡು, ಹಿರಿಯರ ಕಣ್ಣು ತಪ್ಪಿಸಿ ಓದುವ ಅಗ್ಗದ ಚಿತ್ರಪತ್ರಿಕೆಗಳು ಆ ಚರ್ಚೆಯಿಂದ ಹೊರಗುಳಿಯುತ್ತವೆ. ಹಿರಿಯರು ಮಗುವಿಗೆ ಏನನ್ನು ಓದಿಸಬಯಸುತ್ತಾರೆ ಎಂಬುದನ್ನು ಪಠ್ಯಪುಸ್ತಕ ಹೇಳಿದರೆ, ಮಗು ಏನನ್ನು ಓದಬಯಸುತ್ತದೆ ಎಂಬುದನ್ನು ಇಂತಹ ಪತ್ರಿಕೆಗಳು ಹೇಳುತ್ತವೆ. ಈ ದೃಷ್ಟಿಯಿಂದ ಬ್ರಿಟನ್ನಿನ ಹಾಸ್ಯ ಚಿತ್ರಪತ್ರಿಕೆಗಳು ಅಧ್ಯಯನಯೋಗ್ಯವಾದ ಆಕರಗಳು. ಅವುಗಳ ಕೇಂದ್ರದಲ್ಲಿರುವುದು ಕಥೆಯಲ್ಲ, ಪಾತ್ರ. ವಾರವಾರವೂ ಅದೇ ಉಡುಪಿನಲ್ಲಿ, ಅದೇ ವಯಸ್ಸಿನಲ್ಲಿ, ಅದೇ ಸ್ವಭಾವದೊಂದಿಗೆ ಮರಳಿ ಬರುವ ಇಂತಹ ಪಾತ್ರವನ್ನು ಇಲ್ಲಿ ಸ್ಥಿರಪಾತ್ರ ಎಂದು ಕರೆಯಲಾಗಿದೆ.

ಸ್ಥಿರಪಾತ್ರದ ಕಲ್ಪನೆ ಭಾರತೀಯ ಓದುಗರಿಗೆ ಹೊಸದೇನಲ್ಲ. ಸಂಸ್ಕೃತ ನಾಟಕದ ವಿದೂಷಕ, ಯಕ್ಷಗಾನದ ಹಾಸ್ಯಗಾರ, ಜನಪದರ ಬಾಯಲ್ಲಿ ಬೆಳೆದ ತೆನಾಲಿ ರಾಮಕೃಷ್ಣ ಇವರೆಲ್ಲರೂ ಪ್ರಸಂಗ ಬದಲಾದರೂ ತಾವು ಬದಲಾಗದವರು. ಆದರೆ ಇವರು ಯಾರೊಬ್ಬರ ಸೊತ್ತೂ ಅಲ್ಲ. ಚಿತ್ರಪತ್ರಿಕೆಯ ಸ್ಥಿರಪಾತ್ರ ಮಾತ್ರ ಮುದ್ರಣಯಂತ್ರ, ಮಾರುಕಟ್ಟೆ ಮತ್ತು ಒಡೆತನದ ನಡುವೆ ಹುಟ್ಟಿದ್ದು. ಈ ವ್ಯತ್ಯಾಸವೇ ಪ್ರಸ್ತುತ ಚರ್ಚೆಯ ತಳಹದಿ.

೨

ಬ್ರಿಟಿಷ್ ಚಿತ್ರಪತ್ರಿಕೆಗಳ ಮೊದಲ ಪ್ರಮುಖ ಸ್ಥಿರಪಾತ್ರ ಆಲಿ ಸ್ಲೋಪರ್. ೧೮೬೭ರಲ್ಲಿ 'ಜೂಡಿ' ಎಂಬ ಹಾಸ್ಯಪತ್ರಿಕೆಯಲ್ಲಿ ಚಾರ್ಲ್ಸ್ ಹೆನ್ರಿ ರಾಸ್ ಈ ಪಾತ್ರವನ್ನು ಸೃಷ್ಟಿಸಿದ. ಮುಂದೆ ಅದಕ್ಕೆ ರೂಪ ಕೊಟ್ಟವರಲ್ಲಿ ಮಾರಿ ಡುವಾಲ್ ಎಂಬ ಹೆಸರಿನಿಂದ ಚಿತ್ರಿಸುತ್ತಿದ್ದ ಮಹಿಳೆ ಮುಖ್ಯಳು. ಕೆಂಪು ಮೂಗಿನ, ಬೋಳುತಲೆಯ ಈ ಸೋಮಾರಿ, ಬಾಡಿಗೆ ವಸೂಲಿಗೆ ಬಂದವನನ್ನು ಕಂಡೊಡನೆ ಓಣಿಯಲ್ಲಿ ನುಸುಳಿ ಮಾಯವಾಗುವವನು. ಅವನ ಹೆಸರಿನ ಅರ್ಥವೂ ಅದೇ. ೧೮೮೪ರಲ್ಲಿ ಅವನ ಹೆಸರನ್ನೇ ಹೊತ್ತ ವಾರಪತ್ರಿಕೆ ಆರಂಭವಾಯಿತು. ಪಾತ್ರವೇ ಪತ್ರಿಕೆಯನ್ನು ಮಾರಬಲ್ಲದು ಎಂಬ ಅರಿವು ಪ್ರಕಾಶಕರಿಗೆ ಮೂಡಿದ್ದು ಇಲ್ಲಿ.

೧೮೯೦ರಲ್ಲಿ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ 'ಕಾಮಿಕ್ ಕಟ್ಸ್' ಮತ್ತು 'ಇಲಸ್ಟ್ರೇಟೆಡ್ ಚಿಪ್ಸ್' ಎಂಬ ಅರ್ಧ ಪೆನ್ನಿ ಬೆಲೆಯ ಪತ್ರಿಕೆಗಳನ್ನು ಹೊರತಂದ. 'ಚಿಪ್ಸ್'ನಲ್ಲಿ ೧೮೯೬ರಲ್ಲಿ ಟಾಮ್ ಬ್ರೌನ್ ಚಿತ್ರಿಸಿದ ವೇರಿ ವಿಲ್ಲಿ ಮತ್ತು ಟೈಯರ್ಡ್ ಟಿಮ್ ಎಂಬ ಅಲೆಮಾರಿ ಜೋಡಿ ಕಾಣಿಸಿಕೊಂಡಿತು. ಒಬ್ಬ ಸಣಕಲ, ಇನ್ನೊಬ್ಬ ಡೊಳ್ಳುಹೊಟ್ಟೆಯವ. ಡಾನ್ ಕಿಹೋಟೆ ಮತ್ತು ಸಾಂಕೊ ಪಾಂಜಾರ ನೆರಳು ಈ ಜೋಡಿಯ ಮೇಲಿದೆ. ಕೆಲಸವನ್ನು ತಪ್ಪಿಸಿಕೊಳ್ಳುವುದೇ ಇವರ ಕೆಲಸ. ಬ್ರೌನ್ ಕೈಬಿಟ್ಟ ಮೇಲೂ ಬೇರೆ ಚಿತ್ರಕಾರರ ಕೈಯಲ್ಲಿ, ಅದರಲ್ಲೂ ದಶಕಗಳ ಕಾಲ ಪರ್ಸಿ ಕಾಕಿಂಗ್‌ನ ಕೈಯಲ್ಲಿ, ೧೯೫೩ರಲ್ಲಿ ಪತ್ರಿಕೆ ನಿಲ್ಲುವವರೆಗೂ ಇವರು ಬದುಕಿದರು. ಸೃಷ್ಟಿಕರ್ತ ಹೋದರೂ ಪಾತ್ರ ಉಳಿಯಬಲ್ಲದು ಎಂಬುದು ಈ ಉದ್ಯಮ ಕಲಿತ ಎರಡನೆಯ ಪಾಠ.

ಗಮನಿಸಬೇಕಾದುದೆಂದರೆ, ಈ ಘಟ್ಟದ ಪಾತ್ರಗಳು ಮಕ್ಕಳಲ್ಲ, ವಯಸ್ಕರು. ಓದುಗರಲ್ಲಿಯೂ ದುಡಿಯುವ ವರ್ಗದ ವಯಸ್ಕರು ಬಹಳವಿದ್ದರು. ಸೋಮಾರಿ ಅಲೆಮಾರಿಯ ಜಾಗಕ್ಕೆ ತುಂಟ ಮಗು ಬಂದದ್ದು ಮುಂದಿನ ಬೆಳವಣಿಗೆ. ಅದರ ಪ್ರಧಾನ ಕೇಂದ್ರ ಲಂಡನ್ ಅಲ್ಲ, ಸ್ಕಾಟ್ಲೆಂಡಿನ ಡಂಡೀ ನಗರ.

೩

ಡಂಡೀಯ ಡಿ. ಸಿ. ಥಾಮ್ಸನ್ ಸಂಸ್ಥೆ ೧೯೩೭ರ ಡಿಸೆಂಬರಿನಲ್ಲಿ 'ಡ್ಯಾಂಡಿ'ಯನ್ನು, ೧೯೩೮ರ ಜುಲೈ ೩೦ರಂದು 'ಬೀನೊ'ವನ್ನು ಪ್ರಕಟಿಸಿತು. ಅದುವರೆಗಿನ ಪತ್ರಿಕೆಗಳಲ್ಲಿ ಚಿತ್ರಗಳ ಕೆಳಗೆ ಸಾಲುಸಾಲಾಗಿ ಕಥನವನ್ನು ಮುದ್ರಿಸುವ ರೂಢಿ ಬಲವಾಗಿತ್ತು. ಈ ಎರಡು ಪತ್ರಿಕೆಗಳ ಹಾಸ್ಯಪುಟಗಳಲ್ಲಿ ಮಾತು ಚಿತ್ರದೊಳಗಿನ ಗುಳ್ಳೆಗಳಿಗೆ ಸರಿಯಿತು. ನಿರೂಪಕನ ದನಿ ಹಿಂದೆ ಸರಿದು ಪಾತ್ರದ ದನಿ ಮುಂದೆ ಬಂದಿತು. ಹಿರಿಯನೊಬ್ಬ ಕಥೆ ಹೇಳಿ ನೀತಿ ಬೋಧಿಸುವ ಕ್ರಮ ಇದರಿಂದಾಗಿ ಸಡಿಲಗೊಂಡಿತು.

'ಡ್ಯಾಂಡಿ'ಯ ಮೊದಲ ಸಂಚಿಕೆಯಲ್ಲಿಯೇ ಡಡ್ಲಿ ವಾಟ್ಕಿನ್ಸ್ ಚಿತ್ರಿಸಿದ ಡೆಸ್ಪರೇಟ್ ಡ್ಯಾನ್ ಬಂದ. ಅವನು ಊದುದೀಪದ ಉರಿಯಿಂದ ಗಡ್ಡ ಹೆರೆದುಕೊಳ್ಳುವ ಮಹಾಬಲ. ಅವನ ಪ್ರಿಯ ಭಕ್ಷ್ಯ ಕೊಂಬುಗಳು ಹೊರಚಾಚಿರುವ ಒಂದು ಬೃಹತ್ ದನದ ಕಡುಬು. ಅದನ್ನು ಬೇಯಿಸಿಕೊಡುವವಳು ಅತ್ತೆ ಆಗಿ. ಅವನ ಊರು ಕ್ಯಾಕ್ಟಸ್‌ವಿಲ್ ಹೆಸರಿಗೆ ಅಮೆರಿಕದ ಪಶ್ಚಿಮಸೀಮೆಯದಾದರೂ ಅಲ್ಲಿನ ಬೀದಿದೀಪ, ಪೊಲೀಸ್ ಪೇದೆಗಳೆಲ್ಲ ಬ್ರಿಟನ್ನಿನವೇ. ಸಿನಿಮಾದಲ್ಲಿ ಕಂಡ ಅಮೆರಿಕವನ್ನು ತನ್ನ ಬೀದಿಗೇ ತಂದುಕೊಳ್ಳುವ ಮಗುವಿನ ಕಲ್ಪನೆಯ ತರ್ಕ ಇದು.

'ಬೀನೊ'ದ ಮೊದಲ ಸಂಚಿಕೆಯ ಲಾರ್ಡ್ ಸ್ನೂಟಿಯೂ ವಾಟ್ಕಿನ್ಸನ ಕೃತಿಯೇ. ಬಂಕರ್ಟನ್ ಕೋಟೆಯ ಈ ಪುಟ್ಟ ಪ್ರಭು ಆಳುಕಾಳುಗಳ ಕಣ್ಣು ತಪ್ಪಿಸಿ ಬಡಕೇರಿಯ ಗೆಳೆಯರೊಂದಿಗೆ ಆಡಲು ಓಡುತ್ತಾನೆ. ವರ್ಗಭೇದ ಕಟುವಾಗಿದ್ದ ಸಮಾಜದಲ್ಲಿ ಇದು ಹಗಲುಗನಸು. ಆ ಭೇದವನ್ನು ಪ್ರಶ್ನಿಸದೆ ಮರೆಸುವ ಉಪಾಯವೂ ಹೌದು. ಎರಡನ್ನೂ ಒಟ್ಟಿಗೆ ಕಾಣುವುದು ವಿಮರ್ಶೆಗೆ ಅಗತ್ಯ.

ಈ ಪಾತ್ರಗಳ ಜಗತ್ತಿನಲ್ಲಿ ಗೆಲುವಿಗೆ ಸಿಗುವ ಬಹುಮಾನ ಬಹುಪಾಲು ಊಟ. ಬೇಯಿಸಿ ಅರೆದ ಆಲೂಗಡ್ಡೆಯ ಗುಡ್ಡ, ಅದರಲ್ಲಿ ನೆಟ್ಟಂತೆ ನಿಂತ ಸಾಸೇಜುಗಳು: ಇದು ನೂರಾರು ಕಥೆಗಳ ಕೊನೆಯ ಚೌಕಟ್ಟು. ೧೯೪೦ರ ಜನವರಿಯಿಂದ ೧೯೫೪ರ ಜುಲೈವರೆಗೆ ಬ್ರಿಟನ್ನಿನಲ್ಲಿ ಆಹಾರ ಪಡಿತರ ಜಾರಿಯಲ್ಲಿತ್ತು ಎಂಬುದನ್ನು ನೆನೆದಾಗ ಈ ಚಿತ್ರದ ಆಕರ್ಷಣೆ ಅರ್ಥವಾಗುತ್ತದೆ. ಪತ್ರಿಕೆಗಳಿಗೂ ಕಾಗದದ ಪಡಿತರ ತಟ್ಟಿತು. ೧೯೪೧ರಿಂದ ೧೯೪೯ರವರೆಗೆ 'ಡ್ಯಾಂಡಿ', 'ಬೀನೊ'ಗಳು ವಾರ ಬಿಟ್ಟು ವಾರ, ಒಂದಾದ ಮೇಲೊಂದರಂತೆ ಹೊರಬಂದವು.

೪

ಯುದ್ಧಾನಂತರದ ಪೀಳಿಗೆಯೊಂದಿಗೆ ಸ್ಥಿರಪಾತ್ರದ ಸ್ವಭಾವವೇ ಬದಲಾಯಿತು. ೧೯೫೧ರ ಮಾರ್ಚಿಯಲ್ಲಿ ಡೇವಿಡ್ ಲಾ ಚಿತ್ರಿಸಿದ ಡೆನಿಸ್ ದಿ ಮೆನೇಸ್ 'ಬೀನೊ'ದಲ್ಲಿ ಕಾಣಿಸಿಕೊಂಡ. ಆಶ್ಚರ್ಯವೆಂದರೆ ಅದೇ ತಿಂಗಳ ೧೨ರಂದು ಅಮೆರಿಕದಲ್ಲಿ ಹ್ಯಾಂಕ್ ಕೆಚಮ್‌ನ ಡೆನಿಸ್ ಕೂಡ ಅದೇ ಹೆಸರಿನಲ್ಲಿ ಆರಂಭವಾದ. ಇವೆರಡೂ ಪರಸ್ಪರ ಸಂಬಂಧವಿಲ್ಲದ ಸೃಷ್ಟಿಗಳು. ಅಮೆರಿಕದ ಡೆನಿಸ್ ತಿಳಿಯದೆ ತೊಂದರೆ ಕೊಡುವ ಮುಗ್ಧ. ಬ್ರಿಟನ್ನಿನ ಡೆನಿಸ್ ತಿಳಿದೇ ತೊಂದರೆ ಕೊಡುವ ಪುಂಡ. ಕಪ್ಪು ಕೆಂಪು ಪಟ್ಟೆಯ ಅಂಗಿ, ಮುಳ್ಳಿನಂತೆ ನಿಂತ ಕೂದಲು ಅವನ ಗುರುತು. ೧೯೬೮ರಲ್ಲಿ ಅವನಿಗೆ ಜೊತೆಯಾದ ನಾಯಿ ನ್ಯಾಶರ್‌ನ ರೂಪವೂ ಆ ಕೂದಲಿನಿಂದಲೇ ಹುಟ್ಟಿದ್ದು: ಕೂದಲಿನ ಮುದ್ದೆಗೆ ಕಾಲು, ಕಣ್ಣು, ಹಲ್ಲು ಜೋಡಿಸಿದರೆ ನಾಯಿ. ಒಂದೇ ನೋಟಕ್ಕೆ ಗುರುತು ಸಿಗುವ ಆಕೃತಿ ಸ್ಥಿರಪಾತ್ರದ ಮೊದಲ ಲಕ್ಷಣ ಎಂಬುದಕ್ಕೆ ಇದು ಉತ್ತಮ ನಿದರ್ಶನ.

೧೯೫೩ರಲ್ಲಿ ಕೆನ್ ರೀಡ್‌ನ ರೋಜರ್ ದಿ ಡಾಡ್ಜರ್, ಲಿಯೋ ಬ್ಯಾಕ್ಸೆಂಡೇಲ್‌ನ ಮಿನ್ನಿ ದಿ ಮಿಂಕ್ಸ್ ಬಂದರು. ೧೯೫೪ರಲ್ಲಿ ಬ್ಯಾಕ್ಸೆಂಡೇಲ್ ಆರಂಭಿಸಿದ ಶಾಲಾಚಿತ್ರವೊಂದು ೧೯೫೬ರಿಂದ 'ಬ್ಯಾಶ್ ಸ್ಟ್ರೀಟ್ ಕಿಡ್ಸ್' ಎಂದು ಹೆಸರಾಯಿತು. ರೋಜರ್ ಉಪಾಯಗಳ ಪುಸ್ತಕವನ್ನೇ ಇಟ್ಟುಕೊಂಡು ಮನೆಗೆಲಸ ತಪ್ಪಿಸುವ ಚತುರ. ಮಿನ್ನಿ ಗಂಡುಹುಡುಗರನ್ನೇ ಹೊಡೆದೋಡಿಸುವ ಹುಡುಗಿ. ಹೆಣ್ಣುಮಗು ಅಚ್ಚುಕಟ್ಟಾಗಿ, ಮೆತ್ತಗೆ ಇರಬೇಕೆಂಬ ಅಂದಿನ ನಿರೀಕ್ಷೆಯನ್ನು ವಾರವಾರವೂ ಮುರಿದವಳು. ಬ್ಯಾಶ್ ಸ್ಟ್ರೀಟಿನಲ್ಲಿ ಮಾತ್ರ ನಾಯಕನೆಂಬವನಿಲ್ಲ. ಇಡೀ ತರಗತಿಯೇ ಪಾತ್ರ. ಉಪಾಧ್ಯಾಯನಿಗಂತೂ ಹೆಸರೂ ಇಲ್ಲ, ಅವನು ಬರಿಯ 'ಟೀಚರ್'.

ಡೆನಿಸ್‌ನ ಕಥೆಯ ರಚನೆ ಸರಳ: ನಿಷೇಧ, ಉಲ್ಲಂಘನೆ, ಅನಾಹುತ, ಶಿಕ್ಷೆ. ಕೊನೆಯ ಚೌಕಟ್ಟಿನಲ್ಲಿ ತಂದೆಯ ಚಪ್ಪಲಿ ಏಟು ಕಾದಿರುತ್ತದೆ. ಮೇಲುನೋಟಕ್ಕೆ ಇದು ನೀತಿಕಥೆಯ ಮುಕ್ತಾಯವೇ. ಆದರೆ ಮುಂದಿನ ವಾರ ಡೆನಿಸ್ ಏನನ್ನೂ ಕಲಿಯದವನಾಗಿ ಮರಳುತ್ತಾನೆ. ಸ್ಥಿರಪಾತ್ರಕ್ಕೆ ನೆನಪಿಲ್ಲ, ಆದ್ದರಿಂದ ಪಶ್ಚಾತ್ತಾಪವೂ ಇಲ್ಲ. ಹೀಗೆ ಶಿಕ್ಷೆ ಹಿರಿಯರನ್ನು ಸಮಾಧಾನಪಡಿಸಿದರೆ, ಪುನರಾವರ್ತನೆ ಮಕ್ಕಳನ್ನು ಸಂತೋಷಪಡಿಸುತ್ತದೆ. ಒಂದು ಕಂತು ಹಿರಿಯರ ಪರ, ಇಡೀ ಸರಣಿ ಮಕ್ಕಳ ಪರ. ಈ ಪತ್ರಿಕೆಗಳ ಅಪಾರ ಜನಪ್ರಿಯತೆಯ ಒಂದು ಗುಟ್ಟು ಇಲ್ಲಿದೆ. ೧೯೫೦ರ ಸುಮಾರಿಗೆ 'ಬೀನೊ'ದ ವಾರದ ಮಾರಾಟ ೨೦ ಲಕ್ಷದ ಸಮೀಪಕ್ಕೆ ಬಂದಿತ್ತು.

೫

ಸ್ಥಿರಪಾತ್ರ ಬದಲಾಗದು ಎಂಬ ಮಾತಿಗೆ ಮಿತಿಯಿದೆ. ವಯಸ್ಸು ಬದಲಾಗದು, ಸುತ್ತಲಿನ ಸಮಾಜ ಬದಲಾದಂತೆ ಪಾತ್ರದ ಅಂಚುಗಳು ಬದಲಾಗುತ್ತವೆ. ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಶಾಸನ ೧೯೮೬ರಲ್ಲಿ ಬಂದಿತು. ಪತ್ರಿಕೆಯ ಪುಟಗಳಿಂದಲೂ ಬೆತ್ತ, ಚಪ್ಪಲಿ ಏಟುಗಳು ಕ್ರಮೇಣ ಮರೆಯಾದವು. ಡೆನಿಸ್‌ನ ಕಾಟಕ್ಕೆ ಗುರಿಯಾಗುತ್ತಿದ್ದ ಮೆತ್ತನೆಯ ಹುಡುಗ ವಾಲ್ಟರ್, ಹೂವು ಗೊಂಬೆಗಳನ್ನು ಇಷ್ಟಪಡುತ್ತಾನೆಂಬ ಕಾರಣಕ್ಕೇ ನಗೆಪಾಟಲಾಗುತ್ತಿದ್ದ. ಇದು ದುರ್ಬಲನ ಮೇಲಿನ ದೌರ್ಜನ್ಯವೆಂಬ ಆಕ್ಷೇಪ ಬಲವಾದಂತೆ ಅವನನ್ನು ಅಹಂಕಾರದ ಪ್ರತಿಸ್ಪರ್ಧಿಯಾಗಿ ಮಾರ್ಪಡಿಸಲಾಯಿತು. ಬ್ಯಾಶ್ ಸ್ಟ್ರೀಟಿನ 'ಫ್ಯಾಟಿ' ೨೦೨೧ರಲ್ಲಿ 'ಫ್ರೆಡ್ಡಿ'ಯಾದ. ಯಾರನ್ನು ಕಂಡು ನಗಬಹುದು ಎಂಬ ಸಾಮಾಜಿಕ ಒಪ್ಪಂದ ಎಲ್ಲಿ ಪಲ್ಲಟಗೊಂಡಿತು ಎಂಬುದನ್ನು ಇಂತಹ ತಿದ್ದುಪಡಿಗಳು ನಿಖರವಾಗಿ ತೋರಿಸುತ್ತವೆ.

ಈ ಪ್ರಶ್ನೆ ಭಾರತೀಯ ಓದುಗರನ್ನು ನೇರವಾಗಿ ತಟ್ಟುವ ಪ್ರಸಂಗವೂ ಉಂಟು. ಚಾರ್ಲ್ಸ್ ಹ್ಯಾಮಿಲ್ಟನ್, ಫ್ರಾಂಕ್ ರಿಚರ್ಡ್ಸ್ ಎಂಬ ಹೆಸರಿನಲ್ಲಿ ೧೯೦೮ರಿಂದ ೧೯೪೦ರವರೆಗೆ 'ಮ್ಯಾಗ್ನೆಟ್' ವಾರಪತ್ರಿಕೆಗೆ ಬರೆದ ಗ್ರೇಫ್ರೈಯರ್ಸ್ ಶಾಲೆಯ ಕಥೆಗಳಲ್ಲಿ ಹೊಟ್ಟೆಬಾಕ ಬಿಲ್ಲಿ ಬಂಟರ್ ಪ್ರಸಿದ್ಧ. ೧೯೩೯ರಿಂದ ಅವನು 'ನಾಕೌಟ್' ಪತ್ರಿಕೆಯಲ್ಲಿ ಚಿತ್ರಪಾತ್ರವೂ ಆದ. ಅದೇ ಶಾಲೆಯಲ್ಲಿ ಭಾನಿಪುರವೆಂಬ ಕಲ್ಪಿತ ಸಂಸ್ಥಾನದ ನವಾಬ ಹರಿ ಜಮ್ಸೆಟ್ ರಾಮ್ ಸಿಂಗ್ ಓದುತ್ತಾನೆ. ಹಿಂದೂ, ಪಾರ್ಸಿ, ಸಿಖ್ ಹೆಸರುಗಳನ್ನು ಒಂದೇ ಬುಟ್ಟಿಗೆ ತುಂಬಿದ ಈ ನಾಮಧೇಯವೇ ಸಾಮ್ರಾಜ್ಯದ ಅಜ್ಞಾನಕ್ಕೆ ಸಾಕ್ಷಿ. ಅವನ ಆಡಂಬರದ, ತಿರುಚಿದ ಇಂಗ್ಲಿಷ್ ನಗೆಯ ವಸ್ತು. ಆದರೂ ಅವನು ಕಥಾನಾಯಕರ ಆಪ್ತಬಳಗದ ಸಮಾನ ಸದಸ್ಯ, ಒಳ್ಳೆಯ ಕ್ರಿಕೆಟ್ ಆಟಗಾರ, ಗೌರವಾರ್ಹ. ೧೯೪೦ರಲ್ಲಿ ಜಾರ್ಜ್ ಆರ್ವೆಲ್ ಬಾಲಕರ ವಾರಪತ್ರಿಕೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಕಾಲ ನಿಂತುಹೋದ ಈ ಜಗತ್ತು ಓದುಗರಲ್ಲಿ ಯಥಾಸ್ಥಿತಿಯ ಮೌಲ್ಯಗಳನ್ನು ಬಿತ್ತುತ್ತದೆಂದು ವಾದಿಸಿದ. ರಿಚರ್ಡ್ಸ್ ಅದಕ್ಕೆ ಉತ್ತರವನ್ನೂ ಬರೆದ. ಅಗ್ಗದ ಪತ್ರಿಕೆಯನ್ನು ಗಂಭೀರವಾಗಿ ಓದಿದ ಆರಂಭದ ವಿಮರ್ಶೆಗಳಲ್ಲಿ ಆರ್ವೆಲ್‌ನದು ಪ್ರಮುಖ.

೬

ಕೊನೆಯದಾಗಿ, ಒಡೆತನದ ಪ್ರಶ್ನೆ. ಥಾಮ್ಸನ್ ಸಂಸ್ಥೆಯಲ್ಲಿ ಚಿತ್ರಕಾರರ ಹೆಸರನ್ನು ಮುದ್ರಿಸುವ ಪದ್ಧತಿ ಇರಲಿಲ್ಲ; ಸಹಿ ಹಾಕುವ ಅವಕಾಶ ವಾಟ್ಕಿನ್ಸನಂತಹ ಕೆಲವರಿಗಷ್ಟೇ ದೊರೆಯಿತು. ಆತ ೧೯೬೯ರಲ್ಲಿ ಚಿತ್ರಿಸುವ ಮೇಜಿನ ಬಳಿಯೇ ಕೊನೆಯುಸಿರೆಳೆದ. ೧೯೬೨ರಲ್ಲಿ ಬ್ಯಾಕ್ಸೆಂಡೇಲ್ 'ಬೀನೊ'ವನ್ನು ತೊರೆದ. ಅವನ ಮಕ್ಕಳು ಅಲ್ಲಿಯೇ ಉಳಿದರು. ೧೯೬೪ರಲ್ಲಿ ಬೇರೆ ಸಂಸ್ಥೆಯ 'ವ್ಹಾಮ್' ಪತ್ರಿಕೆಗೆ ಅವನು ಮತ್ತೊಂದು ತುಂಟ ತರಗತಿಯನ್ನು ಹೊಸ ಹೆಸರಿನಲ್ಲಿ ಚಿತ್ರಿಸಬೇಕಾಯಿತು. ತನ್ನ ಪಾತ್ರಗಳ ಹಕ್ಕಿಗಾಗಿ ಮುಂದೆ ಹೂಡಿದ ದಾವೆ ಹಲವು ವರ್ಷ ನಡೆದು ೧೯೮೭ರಲ್ಲಿ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಇತ್ತ ಡೇವಿಡ್ ಸದರ್ಲೆಂಡ್ ೧೯೬೨ರಿಂದ ೨೦೨೩ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಅರುವತ್ತು ವರ್ಷ, ಬ್ಯಾಶ್ ಸ್ಟ್ರೀಟಿನ ಮಕ್ಕಳನ್ನು ಚಿತ್ರಿಸಿದ. ಹಾಗಾದರೆ ಆ ಮಕ್ಕಳು ಯಾರವರು? ಹುಟ್ಟಿಸಿದವನವರೇ, ಸಾಕಿದವನವರೇ, ಹಣ ಹೂಡಿದ ಸಂಸ್ಥೆಯವರೇ? ಕಾನೂನು ಮೂರನೆಯದಕ್ಕೆ ಒಲಿದರೂ ಸಾಹಿತ್ಯಚರಿತ್ರೆ ಅಷ್ಟಕ್ಕೇ ತೃಪ್ತಿಪಡಲಾಗದು. ಜನಪದ ವಿದೂಷಕನ ಸೃಷ್ಟಿಕರ್ತ ಅಜ್ಞಾತನಾಗಿರುವುದು ಪರಂಪರೆಯ ಸಹಜ ಧರ್ಮ. ಬ್ಯಾಕ್ಸೆಂಡೇಲ್ ಅಜ್ಞಾತನಾಗಿದ್ದುದು ವ್ಯವಹಾರದ ನಿರ್ಣಯ.

ಕನ್ನಡದ ಸಂದರ್ಭಕ್ಕೆ ಬಂದರೆ ಒಂದು ಹೋಲಿಕೆ ಸ್ಪಷ್ಟತೆ ನೀಡುತ್ತದೆ. ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದಿದ್ದ ಮೈಸೂರಿನ ಆರ್. ಕೆ. ಲಕ್ಷ್ಮಣರು ಮುಂಬಯಿಯಲ್ಲಿ ತಮ್ಮ ದೈನಂದಿನ ವ್ಯಂಗ್ಯಚಿತ್ರವನ್ನು ಆರಂಭಿಸಿದ್ದು ೧೯೫೧ರಲ್ಲಿ, ಡೆನಿಸ್ ಹುಟ್ಟಿದ ವರ್ಷವೇ. ಅವರ ಶ್ರೀಸಾಮಾನ್ಯನೂ ವಯಸ್ಸಾಗದ, ಉಡುಪು ಬದಲಿಸದ ಸ್ಥಿರಪಾತ್ರ. ಆದರೆ ಅವನ ಪ್ರತಿಯೊಂದು ಗೆರೆಯ ಕೆಳಗೆ ಕಲಾವಿದನ ಸಹಿಯಿತ್ತು. ೨೦೧೫ರಲ್ಲಿ ಲಕ್ಷ್ಮಣರು ತೀರಿಕೊಂಡಾಗ ಆ ಪಾತ್ರವೂ ಅವರದಾಗಿಯೇ ಉಳಿಯಿತು.

'ಡ್ಯಾಂಡಿ'ಯ ಮುದ್ರಿತ ಆವೃತ್ತಿ ೨೦೧೨ರ ಡಿಸೆಂಬರಿನಲ್ಲಿ, ಎಪ್ಪತ್ತೈದನೆಯ ವರ್ಷದಂದೇ, ನಿಂತಿತು. 'ಬೀನೊ' ೨೦೧೯ರಲ್ಲಿ ನಾಲ್ಕು ಸಾವಿರದ ಸಂಚಿಕೆಯನ್ನು ದಾಟಿತು. ಡಂಡೀ ನಗರದಲ್ಲಿ ಡೆಸ್ಪರೇಟ್ ಡ್ಯಾನ್, ಮಿನ್ನಿಯರ ಕಂಚಿನ ಪ್ರತಿಮೆಗಳಿವೆ. ಎಸೆದುಬಿಡಲೆಂದೇ ಅಚ್ಚಾದ ಕಾಗದದ ಪಾತ್ರಗಳು ಕಂಚಿಗೆ ಏರಿವೆ. ಅವನ್ನು ಬರೆದ ಹಲವು ಕೈಗಳ ಗುರುತನ್ನು ಸಂಗ್ರಾಹಕರು, ವಿದ್ವಾಂಸರು ಹಳೆಯ ಸಂಚಿಕೆಗಳ ಗೆರೆಗಳನ್ನು ಹೋಲಿಸಿ ಪತ್ತೆಹಚ್ಚಬೇಕಾಯಿತು. ಹಸ್ತಪ್ರತಿಯ ಲಿಪಿಕಾರನನ್ನು ಅಕ್ಷರದ ವಾಲಿನಿಂದ ಗುರುತಿಸುವ ಗ್ರಂಥಸಂಪಾದನೆಯ ಶಿಸ್ತಿಗೆ ಇದು ದೂರದ್ದಲ್ಲ. ಕನ್ನಡ ಮಕ್ಕಳ ಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಬರೆದವರ ಹೆಸರಿನೊಂದಿಗೆ ಚಿತ್ರಿಸಿದವರ ಹೆಸರನ್ನೂ, ಹಳೆಯ ಸಂಚಿಕೆಗಳು ರದ್ದಿಗೆ ಹೋಗುವ ಮುನ್ನವೇ, ದಾಖಲಿಸಿಕೊಳ್ಳಬೇಕಾಗಿದೆ. ಈ ಕಾರ್ಯಕ್ಕೆ ಬ್ರಿಟಿಷ್ ಚಿತ್ರಪತ್ರಿಕೆಗಳ ಚರಿತ್ರೆ ಒಂದು ಮಾದರಿಯೂ ಹೌದು, ಒಂದು ಎಚ್ಚರಿಕೆಯೂ ಹೌದು.