ಪಾಯ ಮೇಲೆದ್ದಾಗ: ಸರೋವರದ ದಡದಲ್ಲಿ ನಾವು ಕಲಿತ ಪಾಠ

ಗೆಳೆಯರೇ, ನಮ್ಮ ಸಂಘದ ಬೇಸಿಗೆ ಪಿಕ್ನಿಕ್ ಎಲ್ಲಿ ನಡೆಯುತ್ತೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ಸಣ್ಣ ಸರೋವರದ ದಡದಲ್ಲಿರುವ ಅಂಕಲ್-ಆಂಟಿ ಮನೆ. ಎರಡು ವರ್ಷದ ಹಿಂದೆ ಸೆಪ್ಟೆಂಬರ್‌ನಲ್ಲಿ ನಾವು ಆರು ಜನ ಸೇರಿ ಅಲ್ಲಿ ನೀರಿಗೆ ಮುಖಮಾಡಿ 12 ಅಡಿಗೆ 12 ಅಡಿಯ ಒಂದು ಡೆಕ್ ಕಟ್ಟಿಕೊಟ್ಟೆವು. ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ಕಂಬ, ಎರಡಡಿ ಆಳ. ನಮ್ಮಲ್ಲಿ ಇಬ್ಬರು ಸಿವಿಲ್ ಓದುವವರು, ಲೆಕ್ಕ ಹಾಕಿಯೇ ಮಾಡಿದ್ದೆವು. ಆ ದಿನ ಆಂಟಿ ಮಾಡಿದ ಬಿಸಿಬೇಳೆಬಾತ್ ತಿಂದು, ಡೆಕ್ ಮೇಲೆ ಕುಣಿದು, ಫೋಟೋ ತೆಗೆಸಿಕೊಂಡು ಬಂದೆವು.

ಮುಂದಿನ ಏಪ್ರಿಲ್‌ನಲ್ಲಿ ಊರಿಂದ ಅಜ್ಜಿ ಬಂದಿದ್ದರು. ಬೆಳಿಗ್ಗೆ ಡೆಕ್ ಮೇಲೆ ಕಾಲಿಟ್ಟವರು ಎಡವಿ ಬಿದ್ದರು. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹೋಗಿ ನೋಡಿದರೆ ಒಂದು ಮೂಲೆಯ ಕಂಬ ನಾಲ್ಕು ಬೆರಳಿನಷ್ಟು ಮೇಲೆದ್ದಿತ್ತು, ಹಲಗೆಗಳು ಬಿಟ್ಟುಕೊಂಡಿದ್ದವು. ಕೈಗೆ ಪಟ್ಟಿ ಸುತ್ತಿಕೊಂಡೇ ಅಜ್ಜಿ ಹೇಳಿದ ಮಾತು ನಮಗೆ ಇಡೀ ಸೆಮಿಸ್ಟರ್‌ನ ಪಾಠಕ್ಕಿಂತ ದೊಡ್ಡದಾಯಿತು: "ಪಾಯ ಕುಸಿದಿದ್ದು ನೋಡಿದೀನಿ ಕಣ್ರೋ, ಪಾಯ ಎದ್ದಿದ್ದು ಇದೇ ಮೊದಲು."

ಎಲ್ಲಿ ತಪ್ಪಿದೆವು?

ನಮ್ಮೂರಲ್ಲಿ ಪಾಯ ಅಂದರೆ ಭಾರ ಹೊರುವುದು. ಗಟ್ಟಿ ನೆಲ ಸಿಗೋವರೆಗೂ ತೋಡು, ಸೈಜುಗಲ್ಲು ಇಡು, ಮೇಲಿನ ತೂಕ ತಡೆಯುತ್ತಾ ನೋಡು. ನಾವೂ ಅದನ್ನೇ ಮಾಡಿದ್ದೆವು. ಜನ, ಕುರ್ಚಿ, ಮರ ಎಲ್ಲ ಸೇರಿ ಒಂದು ಚದರ ಅಡಿಗೆ 50 ಪೌಂಡ್ ಅಂತ ಹಿಡಿದರೆ ಇಡೀ ಡೆಕ್‌ಗೆ 7,200 ಪೌಂಡ್, ಒಂದು ಕಂಬಕ್ಕೆ 1,800 ಪೌಂಡ್, ಅಂದರೆ ಸುಮಾರು 820 ಕಿಲೋ. ಆ ಭಾರಕ್ಕೆ ನಮ್ಮ ಕಂಬ ಜಗ್ಗಲಿಲ್ಲ. ಲೆಕ್ಕ ತಪ್ಪಿರಲಿಲ್ಲ, ಪ್ರಶ್ನೆಯೇ ತಪ್ಪಿತ್ತು. ಇಲ್ಲಿನ ಚಳಿಗಾಲದಲ್ಲಿ ಕೇಳಬೇಕಾದ ಪ್ರಶ್ನೆ "ಕೆಳಗೆ ಎಷ್ಟು ಒತ್ತುತ್ತೆ?" ಅಂತಲ್ಲ, "ಮೇಲಕ್ಕೆ ಎಷ್ಟು ಎಳೆಯುತ್ತೆ?" ಅಂತ.

ಹೆಪ್ಪುಗಟ್ಟಿದ ಮಣ್ಣು ಕಾಂಕ್ರೀಟ್ ಕಂಬದ ಪಕ್ಕಗಳಿಗೆ ಅಂಟಿಕೊಳ್ಳುತ್ತದೆ. ನುಣ್ಣನೆಯ ಮಣ್ಣಿನಲ್ಲಿ ಈ ಹಿಡಿತ ಒಂದು ಚದರ ಮೀಟರಿಗೆ ಸುಮಾರು 65 ಕಿಲೋನ್ಯೂಟನ್ ಅಂತ ವಿನ್ಯಾಸಗಾರರು ಲೆಕ್ಕ ಹಿಡಿಯುತ್ತಾರೆ. ನಮ್ಮ ಕಂಬದ ವ್ಯಾಸ 30 ಸೆಂ.ಮೀ., ಆಳ 60 ಸೆಂ.ಮೀ. ಪಕ್ಕದ ಮೈ ಸುಮಾರು 0.57 ಚದರ ಮೀಟರ್. ಗುಣಿಸಿದರೆ 37 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 3,700 ಕಿಲೋ ಮೇಲೆತ್ತುವ ಬಲ. ಅದನ್ನು ಕೆಳಗೆ ಹಿಡಿದಿಡಲು ಚಳಿಗಾಲದಲ್ಲಿ ಏನಿತ್ತು? ಖಾಲಿ ಡೆಕ್‌ನ ಕಾಲುಭಾಗ ತೂಕ, ಜೊತೆಗೆ ಕಂಬದ ಸ್ವಂತ ತೂಕ, ಎರಡೂ ಸೇರಿ ಬರೀ 270 ಕಿಲೋ. ಮೇಲೆ ಹಿಮ ಬಿದ್ದರೆ ಇನ್ನೊಂದಿಷ್ಟು. ಸಾಲದು.

ನೆಲ ಯಾಕೆ ಉಬ್ಬುತ್ತೆ?

ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತೆ, ಅದಕ್ಕೇ ನೆಲ ಉಬ್ಬುತ್ತೆ ಅಂತ ನಾವೂ ಅಂದುಕೊಂಡಿದ್ದೆವು. ಅಷ್ಟೇ ಅಲ್ಲ. 1930ರಲ್ಲಿ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ನೀರಿನ ಬದಲು ಬೆಂಜೀನ್ ಬಳಸಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಕಾರಣ, ಹೆಪ್ಪುಗಟ್ಟುವ ಪದರ ಕೆಳಗಿನ ಮಣ್ಣಿನಿಂದ ದ್ರವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ. ಎಳೆದ ನೀರೆಲ್ಲ ಮಂಜಿನ ಪದರವಾಗಿ ದಪ್ಪವಾಗುತ್ತಾ ಹೋಗಿ ಮೇಲಿನ ನೆಲವನ್ನು ಎತ್ತುತ್ತದೆ.

ಇದಕ್ಕೆ ಮೂರು ಬೇಕು: ಕೊರೆಯುವ ಚಳಿ, ನುಣ್ಣನೆಯ ಮೆಕ್ಕಲು ಮಣ್ಣು, ಹತ್ತಿರದಲ್ಲೇ ನೀರು. ಸರೋವರದ ದಡದಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ. ಮೂರರಲ್ಲಿ ಒಂದನ್ನು ತಪ್ಪಿಸಿದರೆ ಸಾಕು, ಉಬ್ಬುವುದು ನಿಲ್ಲುತ್ತದೆ. ತಳಪಾಯ ಆರಿಸುವುದು ಅಂದರೆ ಯಾವುದನ್ನು ತಪ್ಪಿಸಬಹುದು ಅಂತ ಹುಡುಕುವುದೇ.

ದಡದ ಮೇಲೆ: ಡೆಕ್‌ಗೆ ಮೂರು ದಾರಿ

*ಕಾಂಕ್ರೀಟ್ ಬ್ಲಾಕ್.* ನೆಲದ ಮೇಲೆ ಸುಮ್ಮನೆ ಕೂರಿಸುವುದು. ಅಗ್ಗ, ಸುಲಭ. ನೀರು ಬಸಿದುಹೋಗುವ ಮರಳು ಅಥವಾ ಜಲ್ಲಿ ನೆಲ, ಮನೆಗೆ ಅಂಟಿಸದ ತಗ್ಗಿನ ಡೆಕ್ ಆದರೆ ಪರವಾಗಿಲ್ಲ. ಮೆಕ್ಕಲು ನೆಲದಲ್ಲಿ ಪ್ರತಿ ವಸಂತದಲ್ಲೂ ಮಟ್ಟ ಸರಿಮಾಡುವ ಕೆಲಸ ತಪ್ಪಿದ್ದಲ್ಲ.

*ಆಳದ ಕಾಂಕ್ರೀಟ್ ಕಂಬ.* ಮಿನ್ನೆಸೋಟದ ಕಟ್ಟಡ ನಿಯಮದಂತೆ ಪಾಯದ ತಳ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳ ಇರಬೇಕು. ನಾವು ತೋಡಿದ್ದು 24 ಇಂಚು. ಆದರೆ ಆಳ ಒಂದೇ ಸಾಲದು, ಇದು ಬಹಳ ಜನ ಮರೆಯುವ ಮಾತು. ಆಳ ಹೆಚ್ಚಿದಂತೆ ಮಣ್ಣು ಅಂಟುವ ಮೈಯೂ ಹೆಚ್ಚುತ್ತದೆ. 42 ಇಂಚಿನ ಕಂಬಕ್ಕೆ ಎಳೆತ 6,500 ಕಿಲೋ ದಾಟುತ್ತದೆ! ಅದಕ್ಕೇ ಹೆಪ್ಪುಗಟ್ಟದ ಆಳದಲ್ಲಿ ಕಂಬದ ಬುಡವನ್ನು ಆನೆಕಾಲಿನ ಹಾಗೆ ಅಗಲ ಮಾಡಬೇಕು, ಬುಡದಿಂದ ತುದಿಯವರೆಗೆ ಕಬ್ಬಿಣದ ಸರಳು ಹಾಕಬೇಕು. ಇಲ್ಲದಿದ್ದರೆ ಕಂಬ ನಡುವೆ ತುಂಡಾಗಿ ಮೇಲರ್ಧ ಮಾತ್ರ ಎದ್ದು ಬರಬಹುದು.

*ಸ್ಕ್ರೂ ಪೈಲ್.* ತುದಿಯಲ್ಲಿ ತಿರುಪಿನ ಅಲಗಿರುವ ಉಕ್ಕಿನ ಕೊಳವೆ. ಯಂತ್ರದಿಂದ ತಿರುಗಿಸಿ ನೆಲಕ್ಕೆ ಇಳಿಸುತ್ತಾರೆ. ಇದು ಹೊಸದೇನಲ್ಲ. ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ಇದಕ್ಕೆ ಪೇಟೆಂಟ್ ಪಡೆದರು, ಮರಳದಿಣ್ಣೆಗಳ ಮೇಲೆ ಲೈಟ್‌ಹೌಸ್ ನಿಲ್ಲಿಸಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಅನ್ನೋದು ಇನ್ನೂ ದೊಡ್ಡ ಮಾತು. ಸಪೂರ ಕೊಳವೆಗೆ ಮಣ್ಣು ಹಿಡಿಯಲು ಜಾಗ ಕಡಿಮೆ, ಅಲಗು ಆಳದಲ್ಲಿ ಲಂಗರಿನ ಹಾಗೆ ಹಿಡಿದುಕೊಳ್ಳುತ್ತದೆ. ತಿರುಗಿಸಲು ಬೇಕಾದ ಬಲ ಅಳೆದು ಎಷ್ಟು ಭಾರ ತಡೆಯುತ್ತೆ ಅಂತ ಅಲ್ಲೇ ಅಂದಾಜಿಸಬಹುದು. ಖರ್ಚು ಜಾಸ್ತಿ, ದೊಡ್ಡ ಬಂಡೆಗಳಿರುವ ನೆಲದಲ್ಲಿ ಇಳಿಯುವುದು ಕಷ್ಟ.

ನೀರಿನೊಳಗೆ: ಡಾಕ್‌ನ ಕಥೆಯೇ ಬೇರೆ

ದಡದಲ್ಲಿ ನೆಲ ಎತ್ತಿದರೆ, ನೀರಿನಲ್ಲಿ ಮಂಜುಗಡ್ಡೆ ಎತ್ತುತ್ತದೆ, ತಳ್ಳುತ್ತದೆ ಕೂಡ. ಕಂಬಕ್ಕೆ ಅಂಟಿದ ಗಡ್ಡೆ, ನೀರಿನ ಮಟ್ಟ ಏರಿದಾಗ ಕಂಬವನ್ನೂ ಎಳೆದುಕೊಂಡೇ ಮೇಲೇರುತ್ತದೆ. ಬುಡದಲ್ಲಿ ಆದ ಖಾಲಿ ಜಾಗಕ್ಕೆ ಕೆಸರು ತುಂಬಿದರೆ ಕಂಬ ಮತ್ತೆ ಕೆಳಗಿಳಿಯುವುದಿಲ್ಲ. ಜೊತೆಗೆ, ಒಂದು ಕಿಲೋಮೀಟರ್ ಅಗಲದ ಗಡ್ಡೆ ಹತ್ತು ಡಿಗ್ರಿ ಬೆಚ್ಚಗಾದರೆ ಸುಮಾರು ಅರ್ಧ ಮೀಟರ್ ಹಿಗ್ಗಲು ನೋಡುತ್ತದೆ. ಅದರ ಎದುರು ನಮ್ಮ ಕಂಬ ಯಾವ ಲೆಕ್ಕ?

ಆದ್ದರಿಂದಲೇ ಇಲ್ಲಿನ ಬಹುಪಾಲು ಜನ ಗುದ್ದಾಡಲು ಹೋಗುವುದಿಲ್ಲ. ಕೊಳವೆ ಕಾಲಿನ ಅಥವಾ ಚಕ್ರವಿರುವ ಡಾಕ್ ಹಾಕಿ, ಚಳಿಗಾಲಕ್ಕೆ ಮುಂಚೆ ದಡಕ್ಕೆ ಎಳೆದುಬಿಡುತ್ತಾರೆ. ಆಳ ಜಾಸ್ತಿ ಇದ್ದರೆ, ನೀರಿನ ಮಟ್ಟ ಏರಿಳಿದರೆ ತೇಲುವ ಡಾಕ್ ಒಳ್ಳೆಯದು. ಅದು ಸ್ವಲ್ಪ ಅಲುಗಾಡುತ್ತೆ. ತೇಲುಪೆಟ್ಟಿಗೆಗಳು 4.5 ಚದರ ಮೀಟರ್ ಇದ್ದು ನಾಲ್ಕು ಜನ, ಅಂದರೆ 280 ಕಿಲೋ ಹತ್ತಿದರೆ 6 ಸೆಂ.ಮೀ. ಮುಳುಗುತ್ತದೆ. ಎಲ್ಲರೂ ಒಂದೇ ಬದಿಗೆ ನಿಂತರೆ ಆ ಬದಿ ಇನ್ನೂ ತಗ್ಗುತ್ತದೆ. ಮರದ ಚೌಕಟ್ಟಿಗೆ ಕಲ್ಲು ತುಂಬಿ ಕೂರಿಸುವ ಹಳೆಯ ಪದ್ಧತಿಯೂ ಇದೆ. ಗಟ್ಟಿಮುಟ್ಟು ನಿಜ, ಆದರೆ ಮೀನು ಮೊಟ್ಟೆಯಿಡುವ ತಳವನ್ನು ಮುಚ್ಚಿಬಿಡುತ್ತದೆ.

ಗುದ್ದಲಿ ಹಿಡಿಯುವ ಮುಂಚೆ ಕೇಳಿಕೊಳ್ಳಿ

1. ಮಣ್ಣು ಯಾವುದು? ಒದ್ದೆ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನ ಹಾಗೆ ನುಣ್ಣಗಿದ್ದರೆ ಎಚ್ಚರ.
2. ಆ ಜಾಗದಲ್ಲಿ ಪಾಯಕ್ಕೆ ನಿಯಮ ಹೇಳುವ ಆಳ ಎಷ್ಟು?
3. ಚಳಿಗಾಲದಲ್ಲಿ ತೆಗೆದಿಡಬಹುದಾ? ತೆಗೆಯಲು ಕೈ ಎಷ್ಟಿವೆ?
4. ಅನುಮತಿ ಬೇಕಾ? ದಡಕ್ಕೆ ಕೌಂಟಿಯ ನಿಯಮ, ನೀರಿನೊಳಗೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಿಯಮ.
5. ನೆಲದಡಿ ಕೇಬಲ್, ಗ್ಯಾಸ್ ಪೈಪ್ ಇದೆಯಾ? ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಕರೆ ಮಾಡಿದರೆ ಉಚಿತವಾಗಿ ಗುರುತು ಹಾಕಿಕೊಡುತ್ತಾರೆ.

ನಾಲ್ಕನೆಯದನ್ನು ನಾವು ಕೇಳಲೇ ಇಲ್ಲ. "ಇಷ್ಟು ಸಣ್ಣದಕ್ಕೆ ಯಾಕೆ?" ಅಂತ ಯಾರೋ ಅಂದಿದ್ದನ್ನು ನಂಬಿದೆವು. ಕೌಂಟಿಯವರು ಒಮ್ಮೆ ಬಂದು ಗುಂಡಿ ನೋಡಿದ್ದರೆ "ಇನ್ನೂ ಒಂದೂವರೆ ಅಡಿ ತೋಡಿ" ಅಂತಿದ್ದರು. ಅಜ್ಜಿ ಬೀಳುತ್ತಿರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ಅನುಮತಿ ಪಡೆದು, ಹಳೆಯ ಕಂಬ ಕಿತ್ತು, ನಾಲ್ಕು ಸ್ಕ್ರೂ ಪೈಲ್ ಹಾಕಿಸಿದೆವು. ಖರ್ಚನ್ನು ಆರು ಜನ ಹಂಚಿಕೊಂಡೆವು. ಅಂಕಲ್ ಬೇಡ ಅಂದರೂ ಕೇಳಲಿಲ್ಲ. ಈ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಮಟ್ಟಗೋಲು ಇಟ್ಟು ನೋಡಿದೆವು, ಗುಳ್ಳೆ ನಟ್ಟನಡುವೆ ನಿಂತಿತ್ತು. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದೆವು. "ಸರಿ, ಮುಂದಿನ ಸಲ ಬಂದಾಗ ನೀವು ಮೊದಲು ಹತ್ತಿ, ಆಮೇಲೆ ನಾನು" ಅಂದರು.