ದಾಖೌ: ಖಾಲಿ ಬಯಲನ್ನು ಓದುವ ಪಾಠ

ಪ್ರೌಢಶಾಲೆಯಲ್ಲಿ ನಾಜಿ ಜರ್ಮನಿಯ ಪಾಠ ಬಂದಾಗ ಬಹುತೇಕ ಶಿಕ್ಷಕರು ಸತ್ತವರ ಸಂಖ್ಯೆಯಿಂದ ಆರಂಭಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಅದು ಮಗುವಿನ ಮನಸ್ಸಿನಲ್ಲಿ ನಿಲ್ಲುವುದು ಕಷ್ಟ. ಜರ್ಮನಿಯ ಶಾಲೆಗಳು ಇನ್ನೊಂದು ದಾರಿಯನ್ನು ಕಂಡುಕೊಂಡಿವೆ. ಅದು ಅಕ್ಷರಶಃ ನಡೆದು ಹೋಗುವ ದಾರಿ.

ಮ್ಯೂನಿಕ್ ನಗರದ ವಾಯವ್ಯಕ್ಕಿರುವ ದಾಖೌ ಪಟ್ಟಣದಲ್ಲಿ, ಮೊದಲ ಮಹಾಯುದ್ಧದ ಕಾಲದ ಪಾಳುಬಿದ್ದ ಮದ್ದುಗುಂಡಿನ ಕಾರ್ಖಾನೆಯೊಂದರ ಆವರಣದಲ್ಲಿ, 1933ರ ಮಾರ್ಚ್ 22ರಂದು ಸೆರೆಶಿಬಿರವೊಂದು ಆರಂಭವಾಯಿತು. 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಅದನ್ನು ಬಿಡಿಸುವವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಅಲ್ಲಿಯೂ ಅದರ ಉಪಶಿಬಿರಗಳಲ್ಲಿಯೂ ಬಂಧಿತರಾಗಿದ್ದರು. ಕಡಿಮೆಯೆಂದರೆ 41,500 ಮಂದಿ ಸತ್ತರು. 1965ರಿಂದ ಅದು ಸ್ಮಾರಕ. ಮಾರ್ಗದರ್ಶಕರೊಡನೆ ಅಲ್ಲಿ ನಡೆದು ನೋಡಲು ಸುಮಾರು ಎರಡೂವರೆ ಗಂಟೆ ಬೇಕು.

ಭೀಕರವಾದುದೇನನ್ನೋ ಕಾಣುವೆವೆಂದು ಬಂದ ವಿದ್ಯಾರ್ಥಿಗೆ ಮೊದಲು ಕಾಣುವುದು ಬಯಲು. ಕೈದಿಗಳನ್ನು ಬೆಳಗ್ಗೆ ಸಂಜೆ ನಿಲ್ಲಿಸಿ ಎಣಿಸುತ್ತಿದ್ದ ಅಂಗಳದಲ್ಲಿ ಈಗ ಜಲ್ಲಿಯಷ್ಟೇ ಇದೆ. ವಸತಿಸಾಲುಗಳನ್ನು ಕೆಡವಲಾಗಿದೆ, ಎರಡನ್ನು ಮಾತ್ರ ಹೊಸದಾಗಿ ಕಟ್ಟಿ ನಿಲ್ಲಿಸಿ, ಉಳಿದವುಗಳ ಜಾಗದಲ್ಲಿ ತಳಪಾಯದ ಗುರುತನ್ನು ಉಳಿಸಿದ್ದಾರೆ. ಆ ಗುರುತುಗಳ ನಡುವೆ ಪಾಪ್ಲರ್ ಮರಗಳ ಸಾಲಿನ ರಸ್ತೆ. ಹೀಗೆ ಕಣ್ಣಿಗೆ ಏನೂ ಸಿಗದ ಜಾಗದಲ್ಲಿ ಮಾರ್ಗದರ್ಶಕನ ಕೈಯಲ್ಲಿ ಉಳಿಯುವುದು ಮಾತು ಒಂದೇ. ಭಾಷಾಶಿಕ್ಷಕರಿಗೂ ಇಲ್ಲಿ ಕೆಲಸವಿರುವುದು ಈ ಕಾರಣದಿಂದ.

ಅಲ್ಲಿನ ಆಡಳಿತ ಬಳಸಿದ ಪದಗಳನ್ನೇ ನೋಡಬಹುದು. ವಿಚಾರಣೆಯಿಲ್ಲದೆ ಒಬ್ಬನನ್ನು ಹಿಡಿದು ತಂದರೆ ಅದಕ್ಕೆ ‘ರಕ್ಷಣಾ ಬಂಧನ’ ಎಂದು ಹೆಸರು. ಯಾರಿಂದ ಯಾರ ರಕ್ಷಣೆ? ದುಡಿಯಲಾರದ ಕೈದಿಗಳನ್ನು ಆಸ್ಟ್ರಿಯದ ಹಾರ್ಟ್‌ಹೈಮ್ ಕೋಟೆಗೆ ಒಯ್ದು ವಿಷಾನಿಲದಿಂದ ಕೊಂದ ಪ್ರಯಾಣಗಳು ಕಾಗದದಲ್ಲಿ ‘ಅಶಕ್ತರ ಸಾಗಣೆ’ ಆಗಿದ್ದವು. ಗಡಿಭಾಗದ ಮಕ್ಕಳಿಗೆ ಎರಡು ಭಾಷೆಗಳು ಮನೆಯ ಮಾತಿನಂತೆ ಬರುತ್ತವೆ. ‘ರಕ್ಷಣೆ’ ಎಂಬ ಪದವನ್ನು ಅವರು ನೆರೆಯ ಭಾಷೆಯಲ್ಲಿಯೂ ಹೇಳಿ ನೋಡಲಿ, ಅದು ಬಳಕೆಯಾಗುವ ನಾಲ್ಕು ವಾಕ್ಯಗಳನ್ನು ಬರೆಯಲಿ. ಅನಂತರ ಈ ಐದನೆಯದನ್ನು ಪಕ್ಕದಲ್ಲಿಡಬೇಕು.

ಇನ್ನು, ಶಿಬಿರದ ಕಬ್ಬಿಣದ ಬಾಗಿಲ ಮೇಲಿರುವ ಬರಹ. ದುಡಿಮೆ ಮನುಷ್ಯನನ್ನು ಬಿಡುಗಡೆಗೊಳಿಸುತ್ತದೆ ಎಂಬುದು ಅದರ ಅರ್ಥ. ವಚನಗಳಲ್ಲಿ ಕಾಯಕದ ಹಿರಿಮೆಯನ್ನು ಓದಿದ ಕನ್ನಡದ ಮಗು ‘ಇದರಲ್ಲಿ ತಪ್ಪೇನು?’ ಎಂದು ಕೇಳದೆ ಇರದು. ಆ ಪ್ರಶ್ನೆಯನ್ನು ಗದರಿಸಿ ಮುಚ್ಚಬಾರದು. ತಾನೇ ದುಡಿದು ಉಣ್ಣುವವನು ಹೇಳಿದ ಮಾತಿಗೂ ಬೀಗದ ಕೈ ಹಿಡಿದವನು ಬೀಗದ ಮೇಲೆ ಬರೆಸಿದ ಮಾತಿಗೂ ಇರುವ ಅಂತರವನ್ನು ಮಗುವೇ ಕಂಡುಕೊಳ್ಳುವಷ್ಟು ಹೊತ್ತು ಕಾಯುವುದು ಲೇಸು.

ಇದೆಲ್ಲ ಗುಟ್ಟಾಗಿ ನಡೆದುದಲ್ಲ. ಐದು ಸಾವಿರ ಜನರಿಗಾಗಿ ಇಂಥ ಶಿಬಿರ ತೆರೆಯುವುದೆಂಬ ಸುದ್ದಿ ಮ್ಯೂನಿಕ್‌ನ ದಿನಪತ್ರಿಕೆಯಲ್ಲಿ ಒಂದು ದಿನ ಮೊದಲೇ ಅಚ್ಚಾಗಿತ್ತು. ಮೊದಲು ಬಂದವರು ಕಮ್ಯುನಿಸ್ಟರು, ಸಮಾಜವಾದಿಗಳು, ಕಾರ್ಮಿಕ ಸಂಘದವರು. ಅನಂತರ ಯಹೂದಿಗಳು, ರೋಮಾ ಜನಾಂಗದವರು, ಪಾದ್ರಿಗಳು, ಗೆದ್ದ ದೇಶಗಳ ಪ್ರಜೆಗಳು. 1938ರ ಹೊತ್ತಿಗೆ ಹೊಸದಾಗಿ ಕಟ್ಟಿದ ಶಿಬಿರ ಆರು ಸಾವಿರ ಜನರಿಗೆಂದು ಇದ್ದುದು. ಬಿಡುಗಡೆಯ ದಿನ ಅಲ್ಲಿ 30,000ಕ್ಕೂ ಹೆಚ್ಚು ಜನರಿದ್ದರು. ನಲವತ್ತು ಮಕ್ಕಳು ಕೂರುವ ಕೋಣೆಯಲ್ಲಿ ಇನ್ನೂರು ಮಂದಿ ಎಂದರೆ ತರಗತಿಗೆ ಲೆಕ್ಕ ತಿಳಿಯುತ್ತದೆ. ಆದರೆ ಮಕ್ಕಳನ್ನು ಹಾಗೆ ತುಂಬಿ ತೋರಿಸುವುದಾಗಲಿ, ಕೈದಿ-ಕಾವಲುಗಾರರ ಪಾತ್ರ ಕೊಟ್ಟು ಆಡಿಸುವುದಾಗಲಿ ಕೂಡದು. ಸ್ಮಾರಕದವರೇ 13 ವರ್ಷಕ್ಕಿಂತ ಕಿರಿಯರನ್ನು ಕರೆತರದಂತೆ ಸಲಹೆ ಮಾಡುತ್ತಾರೆ.

1976ರಲ್ಲಿ ಪಶ್ಚಿಮ ಜರ್ಮನಿಯ ಬಾಯ್ಟಲ್ಸ್‌ಬಾಖ್ ಎಂಬಲ್ಲಿ ಶಿಕ್ಷಣತಜ್ಞರು ಸೇರಿ ರಾಜಕೀಯ ಶಿಕ್ಷಣಕ್ಕೆ ಕೆಲವು ನಿಯಮಗಳನ್ನು ರೂಪಿಸಿದರು. ವಿದ್ಯಾರ್ಥಿಯ ಮನಸ್ಸನ್ನು ಮುಳುಗಿಸಿ ತನ್ನ ಅಭಿಪ್ರಾಯವನ್ನು ಹೇರಬಾರದೆಂಬುದು ಅವುಗಳಲ್ಲಿ ಮೊದಲನೆಯದು. ಒಳ್ಳೆಯ ಮಾರ್ಗದರ್ಶಕ ಇದನ್ನು ಮರೆಯುವುದಿಲ್ಲ. ದಾಖೌನ ದಹನಗೃಹದಲ್ಲಿ ವಿಷಾನಿಲದ ಕೋಣೆಯೂ ಇದೆ. ಅದನ್ನು ಸಾಮೂಹಿಕ ಹತ್ಯೆಗೆ ಬಳಸಲಿಲ್ಲವೆಂಬ ಮಾತನ್ನು ಅಲ್ಲಿಯೇ ನಿಂತು ಹೇಳಲಾಗುತ್ತದೆ. ಕಣ್ಣೀರು ತರಿಸಲು ಸುಲಭವಾದ ಜಾಗದಲ್ಲಿ ಹಾಗೆ ಹೇಳಲು ಶಿಸ್ತು ಬೇಕು. ಗಡಿನಾಡಿನ ಭಾಷಾ ತಕರಾರುಗಳನ್ನು ತಂದು ಈ ಪಾಠದ ಪಕ್ಕದಲ್ಲಿಡುವ ಉತ್ಸಾಹಕ್ಕೂ ಅದೇ ಶಿಸ್ತು ಅನ್ವಯಿಸುತ್ತದೆ; ಆ ತೂಕ ಬೇರೆ, ಈ ತೂಕ ಬೇರೆ.

ಅದೇ ದಹನಗೃಹದಲ್ಲಿ ನಾಲ್ವರು ಹೆಂಗಸರ ಸ್ಮರಣೆಯ ಫಲಕವೊಂದಿದೆ. 1944ರ ಸೆಪ್ಟೆಂಬರ್ 13ರಂದು ಅವರನ್ನು ದಾಖೌನಲ್ಲಿ ಗುಂಡಿಕ್ಕಿ ಕೊಂದರು. ಒಬ್ಬಳು ನೂರ್ ಇನಾಯತ್ ಖಾನ್, ಬ್ರಿಟನ್ನಿನ ಪರವಾಗಿ ಪ್ಯಾರಿಸ್‌ನಿಂದ ಗುಪ್ತವಾಗಿ ವೈರ್‌ಲೆಸ್ ಸಂದೇಶ ಕಳುಹಿಸುತ್ತಿದ್ದವಳು. ತಂದೆಯ ತಾಯಿಯ ಕಡೆಯಿಂದ ಮೈಸೂರಿನ ಟಿಪ್ಪು ಸುಲ್ತಾನನ ವಂಶದವಳು. ಯುದ್ಧಕ್ಕೆ ಮೊದಲು ಅವಳು ಮಕ್ಕಳಿಗಾಗಿ ಬರೆಯುತ್ತಿದ್ದಳು. ಇಪ್ಪತ್ತು ಜಾತಕ ಕಥೆಗಳ ಅವಳ ಪುಸ್ತಕ 1939ರಲ್ಲಿ ಪ್ರಕಟವಾಯಿತು. ಪಾಠದ ಹಿಂದಿನ ದಿನ ತರಗತಿಯಲ್ಲಿ ಯಾವುದಾದರೊಂದು ಜಾತಕ ಕಥೆಯನ್ನು ಮಕ್ಕಳಿಂದಲೇ ಹೇಳಿಸಿ, ಅಂಥ ಕಥೆಗಳನ್ನು ಬರೆದ ಈ ಲೇಖಕಿಯ ಹೆಸರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಬಹುದು. ಅವಳು ಯಾರೆಂಬುದನ್ನು ಮರುದಿನ ಹೇಳಿದರಾಯಿತು.